ನಿಂತಲ್ಲೇ ಓಡಿದ ಎಂಜಿನು

ಇವತ್ತು ಬೆಳಿಗ್ಗೆ ಗುಜರಿಯವನು ಗೇಟಿನ ಹತ್ತಿರ ಕೂಗಿದ್ದೇ ತಡ, ನನ್ನ ಹೆಂಡತಿ ನೇರ ನನ್ನ ಮೇಜಿನ ಬಳಿಗೆ ಬಂದಳು. ಪೆನ್ನು ಇಡುವುದಕ್ಕೆಂದು ನಾನು ಅಲ್ಲಿ ಒಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ. ಬಸ್ಸಿನ ಡೀಸೆಲ್ ಎಂಜಿನಿನದ್ದು. ತಲೆಕೆಳಗಾಗಿ ನಿಲ್ಲಿಸಿದರೆ ಹತ್ತು ಹನ್ನೆರಡು ಪೆನ್ನು ಧಾರಾಳ ಹಿಡಿಯುತ್ತದೆ. ಅದರ ನೆತ್ತಿಗೆ ಕಟ್ಟಿದ ಮಸಿ ಎಷ್ಟು ಉಜ್ಜಿದರೂ ಹೋಗಿಲ್ಲ, ಇಟ್ಟಲ್ಲೆಲ್ಲ ಒಂದು ಕಪ್ಪು ಉಂಗುರ ಬಿಡುತ್ತದೆ.

"ಇದನ್ನು ಕೊಟ್ಟುಬಿಡುವುದಾ? ಕಿಲೋಗೆ ಒಳ್ಳೆ ರೇಟು ಉಂಟಂತೆ."

"ಅದು ಮಾರುವ ವಸ್ತುವಲ್ಲ ಮಾರಾಯ್ತಿ. ಎರಡು ಲಕ್ಷ ಎಂಬತ್ತು ಸಾವಿರದ್ದು."

"ಗೊತ್ತುಂಟು. ಅದರಲ್ಲಿ ಒಂದು ಲಕ್ಷ ನಮ್ಮ ಎಫ್‌ಡಿಯದ್ದು ಅಂತಲೂ ಗೊತ್ತುಂಟು," ಎಂದು ಹಳೆಯ ಪೇಪರಿನ ಕಟ್ಟನ್ನು ಎತ್ತಿಕೊಂಡು ಹೋದಳು.

ನಮ್ಮೊಳಗಿನ ಮಾತೆಲ್ಲ ತುಳುವಿನಲ್ಲಿ. ನಿಮಗೋಸ್ಕರ ಕನ್ನಡ ಮಾಡಿ ಹೇಳುತ್ತಿದ್ದೇನೆ. ಆದರೆ ಆ ಕೊನೆಯ ವಾಕ್ಯದ ಚುಚ್ಚು ಯಾವ ಭಾಷೆಯಲ್ಲಾದರೂ ಅಷ್ಟೇ ಇರುತ್ತದೆ ಬಿಡಿ.

ಕಾಪುವಿನಲ್ಲಿ ನಮ್ಮ ಪಕ್ಕದ ಮನೆ ಫೆಲಿಕ್ಸರದ್ದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಕಾಲದಲ್ಲಿ ಅವರು ಸರ್ವಿಸ್ ಬಸ್ಸು ಓಡಿಸುತ್ತಿದ್ದರು. ಕಾಪುವಿನಿಂದ ಉಡುಪಿ, ಅಲ್ಲಿಂದ ಮಣಿಪಾಲದ ಏರು ಹತ್ತಿ ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ. ಪುನಃ ಅದೇ ದಾರಿಯಲ್ಲಿ ವಾಪಸು. ಎರಡು ನಿಮಿಷ ಲೇಟಾದರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುವ ರೂಟು ಅದು. ಇಪ್ಪತ್ತೆರಡು ವರ್ಷ ಅವರು ಆ ಗಡಿಯಾರದ ಮುಳ್ಳಿಗೆ ಕಟ್ಟಿಕೊಂಡೇ ಬದುಕಿದರು. ಅವರ ಹೆಂಡತಿ ಲಿಲ್ಲಿ ಬಾಯಿ ಮದುವೆಯಾದಾಗಿನಿಂದಲೂ ಮಸ್ಕತ್ತಿನಲ್ಲಿ ನರ್ಸು. ವರ್ಷಕ್ಕೊಮ್ಮೆ ಒಂದು ತಿಂಗಳು ಬರುವುದು, ಹಂಚು ಬದಲಿಸುವುದು, ಸಂಬಂಧಿಕರ ಮದುವೆ ಮುಗಿಸುವುದು, ಹೋಗುವುದು. ಒಮ್ಮೆ ಫೆಲಿಕ್ಸರು ಬೆರಳು ಮಡಚಿ ಹೇಳಿದ್ದರು: "ಮದುವೆಯಾಗಿ ಇಪ್ಪತ್ತೇಳು ವರ್ಷ ಮಾಸ್ಟ್ರೇ. ಒಟ್ಟಿಗೆ ಇದ್ದದ್ದು ಸೇರಿಸಿದ್ರೆ ಮೂರು ಆಗ್ಲಿಕ್ಕಿಲ್ಲ. ಅವಳು ಚಾಯಕ್ಕೆ ಸಕ್ಕರೆ ಎಷ್ಟು ಹಾಕ್ತಾಳೆ ಅಂತ ಪ್ರತಿ ಸಲ ಕೇಳ್ಬೇಕು."

ಅವರ ಬಸ್ಸಿಗೆ ವಯಸ್ಸಾಗಿ ರೂಟಿನಿಂದ ತೆಗೆದಾಗ ಮಾಲೀಕರು ಗುಜರಿಗೆ ಹಾಕುವವರಿದ್ದರು. ಫೆಲಿಕ್ಸರು ತಾನೇ ಕೊಂಡುಕೊಂಡರು. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಅವರು ಸೀಟು ಕಿತ್ತು ಎರಡು ಮಂಚ ಹಾಕಿಸಿದರು. ಹಿಂದಿನ ಬಾಗಿಲಿನಲ್ಲಿ ಒಂದು ಅಡಿಗೆ ಕಟ್ಟೆ, ಕಿಟಕಿಗೆ ಪರದೆ, ಮಾಡಿನ ಮೇಲೆ ನೀರಿನ ಟ್ಯಾಂಕಿ. ಆರ್‌ಟಿಓ ಆಫೀಸಿಗೆ ತಿರುಗಿ ತಿರುಗಿ ಕಾಗದಪತ್ರ ಸರಿ ಮಾಡಿಸಿಕೊಂಡರು. ಲಿಲ್ಲಿ ಬಾಯಿಯ ಕೊನೆಯ ಕಾಂಟ್ರಾಕ್ಟ್ ಮುಗಿಯಲಿ, ಅವಳನ್ನು ಕೂರಿಸಿಕೊಂಡು ಸಮುದ್ರದ ಬದಿಯಲ್ಲೇ ತಮಿಳುನಾಡಿನ ವೇಳಾಂಕಣಿ ಚರ್ಚಿನವರೆಗೆ ಹೋಗುವುದು, ಎಲ್ಲಿ ಚಂದ ಕಾಣುತ್ತದೋ ಅಲ್ಲಿ ನಿಲ್ಲಿಸುವುದು. "ಕಂಡಕ್ಟರ್ ಇಲ್ಲ, ಟೈಮಿಂಗ್ ಇಲ್ಲ, ಸೀಟಿ ಇಲ್ಲ" ಎನ್ನುವಾಗ ಆ ಮನುಷ್ಯನ ಮುಖ ನೋಡಬೇಕಿತ್ತು ನೀವು.

ಅಷ್ಟರಲ್ಲಿ ಲಿಲ್ಲಿ ಬಾಯಿ ಆಸ್ಪತ್ರೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಶನ್ ಅಲ್ಲೇ ಆಗಬೇಕಾಯಿತು. ಫೆಲಿಕ್ಸರು ಗಡಿಬಿಡಿಯಲ್ಲಿ ಮಸ್ಕತ್ತಿಗೆ ಹೊರಟು, ಬಸ್ಸಿನ ಕೀ ನನ್ನ ಕೈಗೆ ಕೊಟ್ಟರು. "ವಾರಕ್ಕೊಮ್ಮೆ ನಮ್ಮ ಸುರೇಶನಿಗೆ ಫೋನ್ ಮಾಡಿ ಮಾಸ್ಟ್ರೇ. ಅವನು ಒಳ್ಳೆ ಡ್ರೈವರ್. ಕಾರ್ಕಳಕ್ಕೆ ಒಂದು ಟ್ರಿಪ್ ಹೋಗಿ ಬರ್ಲಿ. ಖರ್ಚು ಸದ್ಯಕ್ಕೆ ನೀವು ಕೊಡಿ, ನಾನು ಬಂದು ಲೆಕ್ಕ ಮಾಡ್ತೇನೆ. ನೀವೂ ಕೂತ್ಕೊಳ್ಳಿ, ನಿಮ್ಮ ಅಕ್ಕನನ್ನು ನೋಡಿದ ಹಾಗೂ ಆಯ್ತು."

ನನ್ನ ಅಕ್ಕ ಕಾರ್ಕಳದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಎರಡು ಗಂಟೆಯ ದಾರಿಯೂ ಅಲ್ಲ. ನಾನು ಆಗೆಲ್ಲ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಅವಳಿಗೆ ಒಂದು ಹೂವಿನ ಚಿತ್ರ ಕಳಿಸುತ್ತಿದ್ದೆ, ಅವಳು ಕೈ ಮುಗಿದ ಚಿತ್ರ ಕಳಿಸುತ್ತಿದ್ದಳು. ಮತ್ತೆಂತ ಬೇಕು?

ಇನ್ನು ನನ್ನ ಗಣಿತ ಕೇಳಿ. ಹೋಗಿ ಬರಲು ಇಷ್ಟು ಲೀಟರ್ ಡೀಸೆಲು, ಸುರೇಶನ ಸಂಬಳ, ಅವನ ಊಟ. ಪಾಪ, ಫೆಲಿಕ್ಸರು ಆಸ್ಪತ್ರೆಯ ಖರ್ಚಿನಲ್ಲಿ ಮುಳುಗಿರುವಾಗ ಇದೊಂದು ದಂಡ ಯಾಕೆ? ಎಂಜಿನು ತಣ್ಣಗಾಗಬಾರದು, ಅಷ್ಟೇ ತಾನೇ! ದಿನಾ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಟ್ಟರೆ ಮುಗಿಯಿತು. ಒಂದು ದಿನವೂ ತಪ್ಪಿಸಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಚಾಯದ ಲೋಟ, ಪೇಪರು ಹಿಡಿದುಕೊಂಡು ಡ್ರೈವರ್ ಸೀಟು ಹತ್ತುವುದು, ಕೀ ತಿರುಗಿಸುವುದು, ಸಂಪಾದಕೀಯ ಮುಗಿಯುವವರೆಗೆ ಬಸ್ಸು ಅಂಗಳದಲ್ಲಿ ನಡುಗುತ್ತಿರುವುದು. ಯಾರೂ ನೋಡದಾಗ ಸ್ಟೇರಿಂಗ್ ತಿರುಗಿಸಿದ್ದೂ ಉಂಟು. ಅದರ ಸದ್ದಿನ ವಿಡಿಯೋ ಮಾಡಿ ಫೆಲಿಕ್ಸರಿಗೆ ಕಳಿಸುತ್ತಿದ್ದೆ. ಅವರು ವಾರದ ಟ್ರಿಪ್ಪೂ ಆಗುತ್ತಿದೆ ಎಂದುಕೊಂಡರು. ನಾನು ಆಗುತ್ತಿಲ್ಲ ಎಂದು ಹೇಳಲಿಲ್ಲ. ಬಂದ ಮೇಲೆ ಉಳಿಸಿದ ಹಣದ ಲೆಕ್ಕ ಕೊಟ್ಟು ಆಶ್ಚರ್ಯಪಡಿಸುವ ಆಸೆ ನನಗೆ. ಎಂಟು ತಿಂಗಳು ಹೀಗೆ ಕಳೆಯಿತು.

ಸೆಪ್ಟೆಂಬರಿನಲ್ಲಿ ಅವರ ತೆನೆ ಹಬ್ಬ, ಮೊಂತಿ ಹಬ್ಬಕ್ಕೆ ಸರಿಯಾಗಿ ಇಬ್ಬರೂ ಬಂದಿಳಿದರು. ಹಬ್ಬ ಕಳೆದ ವಾರ ಒಂದು ಪರೀಕ್ಷೆ ಆಗಲಿ ಎಂದು ಫೆಲಿಕ್ಸರು ಲಿಲ್ಲಿ ಬಾಯಿಯನ್ನೂ ನನ್ನನ್ನೂ ಕೂರಿಸಿಕೊಂಡು ಹೊರಟರು. ಉಡುಪಿಯವರೆಗೆ ಏನೂ ಗೊತ್ತಾಗಲಿಲ್ಲ. ಮಣಿಪಾಲದ ಏರಿನಲ್ಲಿ ಬಸ್ಸು ಉಬ್ಬಸದವರ ಹಾಗೆ ಏದತೊಡಗಿತು. ಹಿಂದೆ ನೋಡಿದರೆ ನೀಲಿ ಹೊಗೆಯಲ್ಲಿ ರಸ್ತೆಯೇ ಇಲ್ಲ. ಫೆಲಿಕ್ಸರು ಏರಿನ ಮಧ್ಯದಲ್ಲೇ ಬಸ್ಸು ತಿರುಗಿಸಿದರು. ಅಲ್ಲಿಂದಲೇ ಇಳಿಸಿ, ಮೆಲ್ಲ ಮೆಲ್ಲ ಸಂತೆಕಟ್ಟೆಯ ಹಸನಾಕನ ಗ್ಯಾರೇಜಿಗೆ ತಂದರು.

ಹಸನಾಕ ಎಂದರೆ ಹಸನ್ ಬ್ಯಾರಿ. ಡೀಸೆಲ್ ಎಂಜಿನಿನ ಹೊಟ್ಟೆ ಸೀಳಿ ಹೊಲಿಯುವುದರಲ್ಲಿ ಈ ಕಡೆ ಅವರನ್ನು ಮೀರಿಸಿದವರಿಲ್ಲ. ಮೂರನೆಯ ದಿನ ಫೆಲಿಕ್ಸರನ್ನೂ ನನ್ನನ್ನೂ ಕರೆಸಿದರು. ಎಂಜಿನು ಬಿಚ್ಚಿ ಗೋಣಿಯ ಮೇಲೆ ಹರಡಿದ್ದರು. ಪಿಸ್ಟನ್ ಓಡಾಡುವ ಕೊಳವೆಯೊಳಗೆ ಬೆರಳು ಹಾಕಿ ಸವರಿ, "ನೋಡಿ, ಕನ್ನಡಿ! ಇಲ್ಲಿ ಸ್ವಲ್ಪ ತರಿ ಇರ್ಬೇಕು. ಇಲ್ಲದಿದ್ರೆ ಎಣ್ಣೆ ನಿಲ್ಲುದಿಲ್ಲ. ರಿಂಗ್ ಎಲ್ಲ ಮಸಿಯಲ್ಲಿ ಹಿಡ್ಕೊಂಡಿದೆ," ಎಂದರು. "ಹಳೇ ಎಂಜಿನು, ಒಪ್ಪಿದೆ. ಆದ್ರೆ ಇನ್ನು ಮೂರು ವರ್ಷಕ್ಕೆ ಮೋಸ ಇರ್ಲಿಲ್ಲ. ಇದನ್ನು ಯಾರೋ ಓಡಿಸದೆ ಬರೀ ನಿಲ್ಸಿ ಸ್ಟಾರ್ಟ್ ಮಾಡಿದ್ದು. ದಿನಾ. ಭಾರ ಎಳೆಯದೆ ಡೀಸೆಲ್ ಸರಿ ಉರಿಯುದಿಲ್ಲ. ನಿಲ್ಸಿ ಬಿಟ್ಟಿದ್ರೂ ಇಷ್ಟು ಹಾಳಾಗ್ತಿರ್ಲಿಲ್ಲ ಮಾರಾಯ್ರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಗ್ಯಾರೇಜಿನ ಕ್ಯಾಲೆಂಡರ್ ನೋಡತೊಡಗಿದೆ.

ಆರು ಪಿಸ್ಟನ್, ಆರು ಲೈನರ್, ರಿಂಗ್, ಬೇರಿಂಗ್, ಪಂಪಿನ ಕೆಲಸ, ಕೂಲಿ. ಎಲ್ಲ ಸೇರಿ ಹಸನಾಕ ಹೇಳಿದ ಮೊತ್ತವನ್ನು ಆಗಲೇ ಹೇಳಿದ್ದೇನೆ. ವೇಳಾಂಕಣಿಗೆಂದು ಅವರು ತೆಗೆದಿಟ್ಟ ಹಣವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಎಂಜಿನು ಮಾಡಿಸಿದರೆ ಪ್ರಯಾಣ ಇಲ್ಲ. ಪ್ರಯಾಣ ಬೇಕೆಂದರೆ ಬಸ್ಸು ಗುಜರಿಗೆ. ಫೆಲಿಕ್ಸರು ತಟ್ಟನೆ ಮೊಬೈಲು ತೆಗೆದರು. "ಆ ಸುರೇಶ! ವಾರ ವಾರ ಹಣ ತಕ್ಕೊಂಡು ಓಡಿಸ್ಲೇ ಇಲ್ಲ ಕಾಣ್ತದೆ. ನಿಮಗೂ ಮೋಸ ಮಾಡಿದ ನೋಡಿ ಅವನು!"

"ಫೆಲಿಕ್ಸ್, ಫೋನ್ ಮಾಡಬೇಡಿ. ಸುರೇಶನನ್ನು ನಾನು ಕರೆಯಲೇ ಇಲ್ಲ. ದಿನಾ ಸ್ಟಾರ್ಟ್ ಮಾಡಿದ್ದು ನಾನು."

"ಆ ವಿಡಿಯೋ ಎಲ್ಲ?"

"ಅಂಗಳದಲ್ಲೇ."

ಅವರು ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಫೋನು ಕಿಸೆಗೆ ಹಾಕಿ, ಮಸಿ ಇಲ್ಲದ ಕೈಯನ್ನು ನಲ್ಲಿಯ ಕೆಳಗೆ ತೊಳೆದು, ಒಬ್ಬರೇ ಕಾಪುವಿನ ಸರ್ವಿಸ್ ಬಸ್ಸು ಹತ್ತಿ ಹೋದರು. ನಾಲ್ಕು ದಿನ ಬೇಲಿಯಾಚೆಯಿಂದ ಒಂದು ಕೆಮ್ಮೂ ಕೇಳಲಿಲ್ಲ. ಮೂವತ್ತೈದು ವರ್ಷ ಬೇರೆಯವರ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನು ನಾನು. ನನ್ನ ತಪ್ಪನ್ನು ಇಟ್ಟುಕೊಂಡು ಮಲಗುವುದು ಎಷ್ಟು ಕಷ್ಟ ಎಂದು ಆಗಲೇ ಗೊತ್ತಾದದ್ದು.

ಐದನೆಯ ದಿನ ಲಿಲ್ಲಿ ಬಾಯಿ ನಿಧಾನ ಹೆಜ್ಜೆ ಇಡುತ್ತ ಬಂದು ನಮ್ಮ ಚಾವಡಿಯಲ್ಲಿ ಕುಳಿತರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆದರು.

"ಆಪರೇಶನ್ ಆದ ಮರುದಿನವೇ ಇವರು ನನ್ನನ್ನು ನಡೆಸಿದ್ದು ಮಾಸ್ಟ್ರೇ. ನಾನು ಅತ್ತೆ, ಬಯ್ದೆ. ಮಲಗಿಸಿ ಚಂದ ನೋಡ್ಕೊಂಡಿದ್ರೆ ಇವತ್ತು ಮಂಚದಲ್ಲೇ ಇರ್ತಿದ್ದೆ. ನರ್ಸಿಗೇ ಅದು ಆವಾಗ ನೆನಪಿರ್ಲಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು?" ಮತ್ತೆ ನಕ್ಕರು. "ನಾವು ಗಂಡಹೆಂಡತಿ ಸಹ ಹಾಗೆಯೇ ಅಲ್ವಾ? ದಿನಾ ಬೆಳಿಗ್ಗೆ ಫೋನು. ಊಟ ಆಯ್ತಾ, ಮಳೆ ಉಂಟಾ, ಇಡ್ತೇನೆ. ಇಷ್ಟು ವರ್ಷ ಬರೀ ಸ್ಟಾರ್ಟ್ ಮಾಡಿ ಇಟ್ಟದ್ದು."

ಬಸ್ಸು ಮಾರಿ ರೈಲಿನಲ್ಲಿ ಹೋಗುವ ಎಂದು ಫೆಲಿಕ್ಸರು ಹೇಳಿದ್ದರಂತೆ. ಲಿಲ್ಲಿ ಬಾಯಿ ಒಪ್ಪಲಿಲ್ಲ. ಎಂಜಿನು ಮಾಡಿಸುವುದೆಂದೇ ತೀರ್ಮಾನವಾಯಿತು. ನಾನು ಒಂದು ಲಕ್ಷ ತೆಗೆದುಕೊಂಡು ಹೋದೆ. ಫೆಲಿಕ್ಸರು ಬೇಡ ಎನ್ನುತ್ತಾರೆಂದು ಮನಸ್ಸಿನ ಮೂಲೆಯಲ್ಲೊಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ಎರಡು ಸಲ ಎಣಿಸಿ ತೆಗೆದುಕೊಂಡರು. ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿದ ಹಳೆಯ ಪಿಸ್ಟನ್ ಒಂದನ್ನು ತಂದು ನನ್ನ ಕೈಗಿಟ್ಟರು. "ಇದು ನಿಮ್ಮ ರಶೀದಿ ಮಾಸ್ಟ್ರೇ." ಗ್ಯಾರೇಜಿನ ಆ ದಿನದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಎಂಜಿನು ಸರಿಯಾಗಿ ಪುನಃ ಬಸ್ಸಿಗೆ ಕೂತಿತು, ಆದರೆ ಹಸನಾಕ ಒಂದು ಪಥ್ಯ ಹೇಳಿದರು. ಮೊದಲ ಎರಡು ಸಾವಿರ ಕಿಲೋಮೀಟರು ನಲವತ್ತರ ಮೇಲೆ ಹೋಗಬಾರದು, ಸುಮ್ಮನೆ ನಿಲ್ಲಿಸಿ ಸ್ಟಾರ್ಟ್ ಇಡಲೇಬಾರದು, ಏರು ತಗ್ಗು ಇರುವ ದಾರಿಯಲ್ಲಿ ದಿನಾ ಓಡಿಸಬೇಕು. ದೂರ ಹೋಗಲು ಕೈಯಲ್ಲಿ ಉಳಿದ ಹಣ ಸಾಲದು. ಏರು ತಗ್ಗಿನ ದಾರಿ ಫೆಲಿಕ್ಸರಿಗೆ ಗೊತ್ತಿದ್ದದ್ದು ಒಂದೇ.

ಹಾಗೆ ಅವರ ಪ್ರಯಾಣ ಶುರುವಾಯಿತು. ಕಾಪು, ಉಡುಪಿ, ಮಣಿಪಾಲ, ಕಾರ್ಕಳ, ಪುನಃ ವಾಪಸು. ಎಂಜಿನಿನ ಮುಚ್ಚಳದ ಮೇಲೆ ದಿಂಬು ಹಾಕಿಕೊಂಡು ಲಿಲ್ಲಿ ಬಾಯಿ ಗಂಡನ ಪಕ್ಕದಲ್ಲೇ ಕೂರುತ್ತಿದ್ದರು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸುಗಳು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಹೊಡೆದರೂ ಫೆಲಿಕ್ಸರು ನಲವತ್ತು ದಾಟುತ್ತಿರಲಿಲ್ಲ. ಹಿರಿಯಡ್ಕದಲ್ಲಿ ಜನ ಹಳೆಯ ಬಸ್ಸೆಂದು ಕೈ ಅಡ್ಡ ಹಿಡಿದರೆ ನಿಲ್ಲಿಸಿ ಕ್ಷೇಮ ವಿಚಾರಿಸುತ್ತಿದ್ದರು. ಬೈಲೂರಿನ ಚಾಯದಂಗಡಿಯವನು, ಪರ್ಕಳದ ತಿರುವು, ಗಂಡ ಕೆಳಗೆ ಕೂತು ಬುತ್ತಿ ಉಣ್ಣುತ್ತಿದ್ದ ಮರ, ಎಲ್ಲ ಲಿಲ್ಲಿ ಬಾಯಿಗೆ ಪರಿಚಯವಾಯಿತು. "ಫೋನಿನಲ್ಲಿ ಪರ್ಕಳ ಪರ್ಕಳ ಅಂತ ಹೇಳ್ತಿದ್ದದ್ದು ಇದನ್ನಾ!" ಎಂದು ಬೆರಗಾಗುತ್ತಿದ್ದರಂತೆ. ವೇಳಾಂಕಣಿಗೂ ಮರುವರ್ಷ ಹೋಗಿ ಬಂದರು. ಆದರೆ ಈಗ ಕೇಳಿದರೆ ಲಿಲ್ಲಿ ಬಾಯಿ ಹೇಳುವುದು ಬೈಲೂರಿನ ಚಾಯದ ಸುದ್ದಿಯನ್ನೇ.

ಆ ಪಿಸ್ಟನನ್ನು ಎರಡು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಎರಡು ವರ್ಷದಿಂದ ದಿನಾ ಅಕ್ಕನಿಗೆ ಹೂವಿನ ಚಿತ್ರವನ್ನೂ ಕಳಿಸುತ್ತಿದ್ದೇನೆ. ಮಾಸ್ಟ್ರ ತಲೆಗೆ ಪಾಠ ಇಳಿಯುವುದು ಸ್ವಲ್ಪ ನಿಧಾನ. ಇವತ್ತು ಗುಜರಿಯವನು ಹೋದ ಮೇಲೆ ಮೇಜಿನ ಮೇಲಿನ ಕಪ್ಪು ಉಂಗುರ ಒರೆಸುತ್ತ ಇನ್ನೊಂದು ಕೈಯಲ್ಲಿ ದಾಸವಾಳದ ಚಿತ್ರ ಹುಡುಕುತ್ತಿದ್ದೆ. ಕೈ ಅಲ್ಲೇ ನಿಂತಿತು. ಮೊಬೈಲನ್ನು ಕಿಸೆಗೆ ಹಾಕಿ ಕಾರ್ಕಳದ ಬಸ್ಸು ಹತ್ತಿದೆ.

ಅಕ್ಕ ಬಾಗಿಲು ತೆರೆದವಳು ನನ್ನನ್ನು ನೋಡಿ ಗಾಬರಿಬಿದ್ದಳು. "ಎಂತ? ಯಾರಿಗೆ ಎಂತ ಆಯ್ತು?"

"ಎಂತ ಇಲ್ಲ ಅಕ್ಕ. ಸುಮ್ಮನೆ ಬಂದೆ."

ನಂಬಿಕೆಯಾಗದೆ ನನ್ನ ಮುಖವನ್ನೇ ನೋಡುತ್ತ ಹಿಂದೆ ಸರಿದಳು. ಆಗ ಅವಳ ಬಲಗೈಯಲ್ಲಿದ್ದ ಊರುಗೋಲು ನನಗೆ ಕಂಡಿತು.

"ಇದು ಯಾವಾಗಿನಿಂದ?"

"ಕೋಲಾ? ಮೂರು ವರ್ಷ ಆಯ್ತಲ್ಲ ಮಾರಾಯ," ಎಂದಳು ಅಕ್ಕ. "ನೀನು ಹೂವು ಕಳಿಸ್ತಿದ್ದಿ. ನಾನು ಕೈ ಮುಗಿತಿದ್ದೆ. ಅದರಲ್ಲಿ ಹೇಳುವುದು ಹೇಗೆ?"