ಹಸಿ ಹಕ್ಕರಕಿ

ಸುರಪುರದ ನಮ್ಮ ಮನೆಗೆ ಅಕ್ಕ ಕುಬಸಕ್ಕೆ ಬಂದಾಗ ಅವಳು ಏಳು ತಿಂಗಳ ಬಸುರಿ. ಬಂದವಳೇ ಕೇಳಿದ್ದು ಹಸಿ ಹಕ್ಕರಕಿ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಒಂದು ಹಿಡಿ ಹಕ್ಕರಕಿ ಸೊಪ್ಪು. ನಮ್ಮ ಕಡೆ ಇಷ್ಟಿದ್ದರೆ ಊಟವಾಯಿತು.

ನಾನು ಅದನ್ನು ತಿನ್ನುವುದು ಬಿಟ್ಟಿದ್ದೆ. ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವಾಗ, ಸಂತೆಯ ಸೊಪ್ಪು ತೊಳೆದ ನೀರಿನ ಹನಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗೆ ಹಾಕಿಟ್ಟಿದ್ದೆವು. ಮರುದಿನ ತಟ್ಟೆಯ ತುಂಬ ಬಿಳಿ, ಹಳದಿ ಚುಕ್ಕೆಗಳು. ಮನುಷ್ಯರ ಮಲದಲ್ಲಿರುವ ಬ್ಯಾಕ್ಟೀರಿಯಾವೂ ಅದರಲ್ಲಿತ್ತು. ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಊಟದ ಹೊತ್ತಿಗೆ ಹೇಳುವ ಮಾತಲ್ಲ. ಬೇರೆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಅವ್ವನ ಜೊತೆ ಮಾರ್ಕೆಟ್ಟಿಗೆ ಹೋದೆ. ಸೊಪ್ಪು ಮಾರುವಾಕೆ ಮೆಂತ್ಯದ ಸೂಡೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಅದರಿಂದಲೇ ಎಲ್ಲದರ ಮೇಲೂ ನೀರು ಚಿಮುಕಿಸುತ್ತಿದ್ದಳು. ಬಕೆಟ್ಟಿನ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಯಕ್ಕಾ, ಈ ನೀರು ಎಲ್ಲಿಂದ ತಂದೀರಿ?”

“ಯಾಕವ್ವಾ, ಕುಡಿಯಾಕ ಬೇಕಿತ್ತೇನು?”

ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದವಳು ನಕ್ಕಳು. ನೀರು ಹೊಡೆಯದ ಹಕ್ಕರಕಿ ಕೊಡಿ ಎಂದೆ.

“ನೀರಿಲ್ಲದ ತಪ್ಪಲ ಯಾರು ಒಯ್ತಾರ? ಮಂದಿ ಬಾಡ್ಯಾದಂತಾರ,” ಎನ್ನುತ್ತ ಆಕೆ ಚೀಲದ ತಳದಿಂದ ಒಣ ಸೂಡು ಎಳೆದು ಕೊಟ್ಟಳು. “ಒಯ್ಯಿ. ಉಳಿದ್ರ ಆಕಳಿಗೆ ಹಾಕು.”

ಅವ್ವ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು.

ಮನೆಯಲ್ಲಿ ಬೇರು ಕತ್ತರಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಎಲೆ ಎಲೆಯಾಗಿ ತೊಳೆದು ಜರಡಿಯಲ್ಲಿ ಇಟ್ಟೆ. ಅಷ್ಟು ಮಾಡಿದರೂ ಎಲ್ಲವೂ ಹೋಗುವುದಿಲ್ಲವೆಂದು ಗೊತ್ತಿತ್ತು. ಸ್ನಾನ ಮುಗಿಸಿ ಬರುವಷ್ಟರಲ್ಲಿ, ಬಾಡಿದ ಎಲೆಗಳಿಗೆ ಜೀವ ಬರಲೆಂದು ಅವ್ವ ಅವನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟಿದ್ದಳು. ಪ್ರತಿ ಸಂತೆಯ ಕಾಯಿಪಲ್ಯೆ ಸುತ್ತಿಡುವ ಅದೇ ಅರಿವೆ. ಅದರಿಂದಲೇ ಒಂದು ಹಿಡಿ ತೆಗೆದು ಅಕ್ಕನ ತಾಟಿಗೆ ಹಾಕುತ್ತಿದ್ದಳು.

“ಅಕ್ಕಾ, ತಿನಬ್ಯಾಡ.”

“ಬಸುರಿ ಬಾಯಾಗಿನ ತುತ್ತು ಕಸಗೋತಾರೇನು?” ಅವ್ವನ ದನಿ ಏರಿತು. “ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರತಾವ. ನಿನ್ನ ಕಿವಿ ಯಾಕ ಸೋರತಿದ್ದವು, ಗೊತ್ತೇನು?”

ಚಿಕ್ಕಂದಿನಲ್ಲಿ ನನ್ನ ಕಿವಿ ಸೋರುತ್ತಿದ್ದುದು ನಿಜ. ಅದಕ್ಕೂ ಬ್ಯಾಕ್ಟೀರಿಯಾವೇ ಕಾರಣ ಎನ್ನಬಹುದಿತ್ತು.

“ಖರೇ ಏನರ ಆಗತದೇನು?” ಅಕ್ಕ ನನ್ನನ್ನು ಕೇಳಿದಳು.

“ಆಗೇ ಆಗತದಂತಲ್ಲ. ಆಗಬಹುದು. ಜ್ವರಾ ಬಂದು ಕೂಸಿಗೆ ತ್ರಾಸ ಆಗಬಹುದು.”

“ಅವ್ವನೂ ಕೂಸಿಗೆ ತ್ರಾಸ ಅಂತನ ಹೇಳಾಕತ್ತಾಳಲ್ಲ.”

ಅಕ್ಕ ಒಂದೇ ಎಲೆ ಎತ್ತಿ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನನ್ನ ಕಡೆ ಸರಿಸಿದಳು. “ಇದನ್ನ ಒಲಿ ಮ್ಯಾಲಿನ ಬ್ಯಾಳ್ಯಾಗ ಹಾಕು. ತಿಂದದ್ದು ಅವ್ವನ ಮಾತಿಗೆ, ಕುದಿಯೂದು ನಿನ್ನ ಮಾತಿಗೆ. ಇಬ್ಬರೂ ಸುಮ್ಮ ಕೂಡ್ರಿ.”

ಅವ್ವ ಒದ್ದೆ ಅರಿವೆಯನ್ನು ಹಿಂಡಿ ಒಣಗಲು ಹಾಕಿದಳು. ಸೊಪ್ಪನ್ನು ಬೇಳೆಗೆ ಹಾಕಿದರೂ ನನಗೆ ಸಮಾಧಾನವಾಗಲಿಲ್ಲ. ಕೇಡಿಗೆ ಒಂದೆಲೆ ಸಾಕೇ ಎಂಬುದನ್ನು ನಾನು ಓದಿದ ಯಾವ ಪುಸ್ತಕವೂ ಖಚಿತವಾಗಿ ಹೇಳಿರಲಿಲ್ಲ.

ಹೆರಿಗೆ ಇನ್ನೂ ಆಗಿಲ್ಲ. ಅಕ್ಕ ಧಗೆ ಎಂದರೂ ಸಾಕು, ನನ್ನ ಕೈ ಅವಳ ಹಣೆಗೆ ಹೋಗುತ್ತದೆ. ನಿನ್ನೆ ಅವಳು ಆ ಕೈಯನ್ನು ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಅಲ್ಲೇನು ನೋಡ್ತಿ, ಇಲ್ಲಿ ನೋಡು. ಒದಿಯಾಕತ್ತದ.”

ಒದೆತ ಬಲವಾಗಿತ್ತು. ಕೈ ತೆಗೆಯದೆ ಇನ್ನೊಂದಕ್ಕಾಗಿ ಕಾಯತೊಡಗಿದೆ.