ಕರೆದರೆ ಮಾತ್ರ ಕೆಲಸ

ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಮಾಡುವ ಅಮೋನಿಯ ಅನಿಲ ಸೋರತೊಡಗಿತ್ತು. ಮೊನ್ನೆ ಹಾವೇರಿಯ ಬೀಗರ ಮನೆಯಲ್ಲಿ ಯಾರೋ ಕೂದಲಿಗೆ ಬಣ್ಣ ಕಲಸುತ್ತಿದ್ದರು. ಅದೇ ವಾಸನೆ. ಚಹಾದ ಕಪ್ಪು ಬಿಟ್ಟು ನಾನು ಅಂಗಳಕ್ಕೆ ಓಡಿದ್ದೆ...

ಅಮೋನಿಯ ಸೋರಿದಾಗ ನಾನು ಬಿ.ಕಾಂ. ಮುಗಿಸಿ ಆ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತನಾಗಿದ್ದೆ. ಪಕ್ಕದ ಶೆಡ್ಡಿನಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಮ್ಮ ಹಿತ್ತಲಾಚೆಯ ಮನೆಯವಳೂ ಅವರಲ್ಲೊಬ್ಬಳು. ರಕ್ತಸಂಬಂಧವಿರಲಿಲ್ಲ, ಆದರೂ ನನಗೆ ಚಿಗವ್ವ. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು. ನಾಳೆ ಯಾರು ಬರಬೇಕೆಂದು ದಿನಾ ಸಂಜೆ ಮೇಸ್ತ್ರಿ ಹೇಳುತ್ತಿದ್ದ. ನಾನು ಹೆಸರು ಬರೆದುಕೊಳ್ಳುತ್ತಿದ್ದೆ. ಹೆಸರಿಲ್ಲದವರು ಮನೆಯಲ್ಲಿರಬೇಕು. ಹೆಸರಿದ್ದವರೂ ಮೆಣಸಿನಕಾಯಿಯ ಲಾರಿ ಬಾರದಿದ್ದರೆ ಎರಡು ತಾಸಿಗೇ ಹಿಂತಿರುಗಬೇಕು.

ಊರಿನಲ್ಲಿ ಯಾರಿಗೂ ಇದು ತಪ್ಪೆನಿಸಿರಲಿಲ್ಲ. “ಬೇಕಾದಾಗ ಹೋಗೂದು, ಬ್ಯಾಡಾದಾಗ ಮನ್ಯಾಗ ಇರೂದು. ಇಂಥಾ ನೌಕರಿ ನಮಗ್ಯಾರ ಕೊಡ್ತಾರ?” ಎಂದು ನಮ್ಮ ಕಟ್ಟೆಯ ಮೇಲೆ ಕುಳಿತ ಬಟ್ಟೆ ಅಂಗಡಿಯವರು ಒಮ್ಮೆ ಹೇಳಿದ್ದರು. ನೀರು ಹೊತ್ತು ಹೊರಟಿದ್ದ ಚಿಗವ್ವ ಅಲ್ಲೇ ನಿಂತಳು. “ಹಂಗಾರ ನಾಳೆ ಅಂಗಡಿ ತೆಗೀಬ್ಯಾಡ್ರಿ ಕಾಕಾ. ಗಿರಾಕಿ ಬಂದ್ರ ನಾ ಬಂದು ಕರೀತೇನಿ, ಆವಾಗ ಬರ್ರಿ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಅನಾಹುತಕ್ಕೆ ಹದಿನೈದು ದಿನ ಮೊದಲು ಒಮ್ಮೆ ಅದೇ ವಾಸನೆ ಬಂದಿತ್ತು. ನಾಲ್ವರು ಹೆಂಗಸರು ಹೊರಗೋಡಿದರು. ಏನೂ ಆಗಲಿಲ್ಲ, ಮೆಕ್ಯಾನಿಕ್ ಬಂದು ವಾಲ್ವ್ ಬಿಗಿ ಮಾಡಿದ. ಆದರೆ ಮೇಸ್ತ್ರಿ ಆ ನಾಲ್ವರನ್ನು ಎಂಟು ದಿನ ಕರೆಯಲಿಲ್ಲ. ಚಿಗವ್ವ ಆ ನಾಲ್ವರಲ್ಲಿದ್ದಳು. ಎಂಟೂ ಸಂಜೆ ಅವಳ ಹೆಸರಿಲ್ಲದ ಪಟ್ಟಿ ಬರೆದವನು ನಾನು.

ಅನಾಹುತದ ದಿನ ನನಗೆ ಕಣ್ಣು ಉರಿಯಿತು. ಶೆಡ್ಡಿನ ಬಾಗಿಲಿಗೆ ಹೋಗಿ ಕೂಗಿದೆ. ಮೆಣಸಿನಕಾಯಿಯ ಘಾಟಿನಲ್ಲಿ ಅವರೆಲ್ಲ ದಿನವೂ ಕೆಮ್ಮುವವರೇ, ಮೊದಲು ಯಾರೂ ತಲೆ ಎತ್ತಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಓಡಿದರು. ಚಿಗವ್ವ ಮಾತ್ರ ಮೂಗಿಗೆ ಸೆರಗು ಒತ್ತಿಕೊಂಡು ಕುಳಿತೇ ಇದ್ದಳು.

“ಚಿಗವ್ವಾ, ಲಗೂ ಬಾ!”

“ಮೇಸ್ತ್ರಿ ಹೇಳ್ಯಾನೇನೋ ತಮ್ಮಾ?”

ಹೂಂ ಎಂದಿದ್ದರೆ ಸಾಕಿತ್ತು. ಒಂದು ಸುಳ್ಳು... ನಾನು ಮೇಸ್ತ್ರಿಯನ್ನು ಕೇಳಿ ಬರಲು ಓಡಿದೆ. ಅವನು ಆಗಲೇ ರಸ್ತೆಯಾಚೆ ಮುಖಕ್ಕೆ ಒದ್ದೆ ಟವೆಲ್ ಹಿಡಿದು ನಿಂತಿದ್ದ. ನಾನು ತಿರುಗಿ ಬರುವಷ್ಟರಲ್ಲಿ ಹಮಾಲರು ಅವಳನ್ನು ಎತ್ತಿಕೊಂಡು ಬರುತ್ತಿದ್ದರು.

ಅವಳು ಬದುಕಿದಳು. ಉಸಿರು ಮಾತ್ರ ಹಾಳಾಯಿತು. “ನಾಲ್ಕ ಹೆಜ್ಜಿ ನಡದ್ರ ಕುಂದ್ರತಾಳ, ಆಕಿನ್ನ ಕರದು ಏನ ಮಾಡ್ಲಿ?” ಎಂದ ಮೇಸ್ತ್ರಿ. ಕಟ್ಟೆಯ ಮೇಲೆ ಬಟ್ಟೆ ಅಂಗಡಿಯವರು ಮರುಕದಿಂದಲೇ ಹೇಳಿದರು: “ಪಾಪ ಖರೇ. ಆದ್ರ ಬಾಗಲಾ ತೆರದ ಇತ್ತಲ್ಲ, ಆಕಿನ್ನ ಯಾರ ಹಿಡದಿದ್ರು?” ಯಾರು ಹಿಡಿದಿದ್ದರೆಂದು ನನಗೆ ಗೊತ್ತಿತ್ತು. ಕಟ್ಟೆಯಿಂದೆದ್ದು ಸಂಜೆಯ ಪಟ್ಟಿ ಬರೆಯಲು ಹೋದೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಅವಳು ಸತ್ತಳು. ಅಷ್ಟು ತಡವಾಗಿ ಸತ್ತದ್ದರಿಂದ ಆ ಸಾವನ್ನು ಯಾರೂ ಆ ಮಧ್ಯಾಹ್ನಕ್ಕೆ ಜೋಡಿಸಲಿಲ್ಲ.

ಆ ಮಧ್ಯಾಹ್ನದಿಂದ ಅಲ್ಲಿಯವರೆಗೂ ನನಗೆ ನೆಟ್ಟಗೆ ನಿದ್ದೆಯಿರಲಿಲ್ಲ. ಅವಳು ಹೋಗಿ ತಿಂಗಳಾಗುವ ಮೊದಲೇ ರಾಣೇಬೆನ್ನೂರಿನ ಒಂದು ಕಚೇರಿಯಿಂದ ನನಗೆ ಕಾಯಂ ನೌಕರಿಯ ಆದೇಶ ಬಂತು: ಹತ್ತರಿಂದ ಐದೂವರೆ, ರವಿವಾರ ರಜೆ. ಅಂದು ಮಲಗಿದವನು ಒಮ್ಮೆಯೂ ಎಚ್ಚರಾಗದೆ ಬಿಸಿಲೇರಿದ ಮೇಲೆ ಎದ್ದೆ.

ಈಗಲೂ ಅದೇ ನೌಕರಿಯಲ್ಲಿದ್ದೇನೆ. ಆ ರಾತ್ರಿಯದು ನಾಳೆ ಕೆಲಸವಿದೆ ಎಂದು ಗೊತ್ತಿದ್ದವನ ನಿದ್ದೆ. ಅಂಥದೊಂದು ರಾತ್ರಿ ಚಿಗವ್ವನಿಗೆ ಎಂದಾದರೂ ಸಿಕ್ಕಿತ್ತೋ ಇಲ್ಲವೋ... ನಾನು ಕೇಳಿರಲಿಲ್ಲ. ಕೇಳೋಣವೆಂದರೆ ಅವಳಿಲ್ಲ.