ತಾಳೆ ನೋಡುತ್ತಿದ್ದ ಹುಡುಗಿ

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಎಲ್ಲರಿಗೂ ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗಳ ಮೂಲ ಫೈಲುಗಳು ಸರಿಯಾಗಿ ಡೌನ್‌ಲೋಡ್ ಆಗುತ್ತಿವೆಯೇ ಎಂದು ನೋಡಿಕೊಳ್ಳುವುದು ಅವಳು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂರುತ್ತಿದ್ದಳು. ಪ್ರತಿ ಫೈಲಿಗೂ ಬೆರಳಚ್ಚಿನಂಥ ಉದ್ದನೆಯ ಗುರುತು ಇರುತ್ತದಂತೆ. ಒಳಗೆ ಒಂದೇ ಅಕ್ಷರ ಬದಲಾದರೂ ಅದು ಮೂಲದ ಗುರುತಿನೊಂದಿಗೆ ತಾಳೆಯಾಗುವುದಿಲ್ಲವಂತೆ. ಆಗೆಲ್ಲ ಮೂಗು ಸುಕ್ಕುಗಟ್ಟಿಸಿ, "ಹೆಸರು ಅದೇ ಐತಿ, ಒಳಗಿಂದು ಬ್ಯಾರೆ ಐತ್ರಿ ಆಂಟಿ!" ಎನ್ನುತ್ತಿದ್ದಳು.

ಒಂದು ಭಾನುವಾರ ಅತ್ತೆ ಊಟಕ್ಕೆ ಬಂದರು. ತಾವೇ ಹುರಿದು ಮಾಡಿದ್ದೆಂದು ಅವರು ಕೊಟ್ಟಿದ್ದ ಸಾರಿನ ಪುಡಿ ಮುಗಿದುಹೋಗಿತ್ತು. ನಾನು ಅದೇ ಡಬ್ಬಿಗೆ ಅಂಗಡಿಯ ಪುಡಿ ಸುರಿದು, "ನಿಮ್ಮ ಪುಡೀದೇ ಸಾರು ಅತ್ತೆ" ಎಂದುಬಿಟ್ಟೆ. ದಿನವೂ ನಮ್ಮ ಸಾರಿನ ರುಚಿ ನೋಡುತ್ತಿದ್ದ ಹುಡುಗಿ ಪಕ್ಕದಲ್ಲೇ ಕೂತು ಒಂದು ಗುಟುಕು ಕುಡಿದಳು. ಮೂಗು ಸುಕ್ಕುಗಟ್ಟಿತು.

"ಆಂಟಿ, ಡಬ್ಬಿ ಅದೇ ಐತಿ..."

ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ.

"...ಪುಡಿ ಬ್ಯಾರೆ ಐತ್ರಿ."

ಅತ್ತೆ ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಯಾವ ಅಂಗಡೀದಮ್ಮ ಇದು? ನಾನು ತರೋ ಅಂಗಡೀದಕ್ಕಿಂತ ಚೆನ್ನಾಗಿದೆ."